ಓಗೊಡುವ ತನಕ

ಕರೆದರೆ ಓಗೊಡದ ಹೆಂಡತಿಯ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಯಾರ ಮುಂದೆ ಹೇಳಿಕೊಂಡರೂ ಅವರು ನನಗೇ ಬುದ್ಧಿ ಹೇಳುತ್ತಾರೆ. ನಾನು ಜಗಲಿಯಲ್ಲಿ ಕೂತು ‘ಗೌರೀ’ ಎನ್ನುತ್ತೇನೆ. ಒಳಗಿನಿಂದ ಪಾತ್ರೆಯ ಸದ್ದು ಬರುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಬಿಡದೆ ಕರೆಯುತ್ತೇನೆ. ಕೊನೆಗೆ ಅವಳು ಬಾಗಿಲಿಗೆ ಬಂದು, ‘ಟವಲ್ಲು ನಿಮ್ಮ ಎಗಲ ಮ್ಯಾಲೇ ಅದೆ’ ಎಂದು ಹೇಳಿ ಹೋಗುತ್ತಾಳೆ. ನಾನು ಕೇಳಬೇಕೆಂದಿದ್ದು ಟವಲನ್ನೇ ಎಂಬುದು ಬೇರೆ ಮಾತು. ಆದರೆ ಮನುಷ್ಯನಿಗೆ ಟವಲಿಗಿಂತ ಮೊದಲು ಒಂದು ‘ಓ’ ಬೇಕಾಗುತ್ತದೆ.

ಇದು ನನ್ನ ಸ್ವಭಾವದ ದೋಷವಲ್ಲ, ಅಟ್ಟಣೆಯ ಅಭ್ಯಾಸ. ನಮ್ಮ ಪಣಕಹಳ್ಳಿಯ ಹೊಲಗಳಿಗೆ ಸೋಲಾರ್ ಬೇಲಿ ಬರುವ ಮೊದಲು, ರಾಗಿ ತೆನೆ ಕಟ್ಟಿತೆಂದರೆ ರಾತ್ರಿಯೆಲ್ಲ ಕಾವಲು. ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕೂತು, ತಗಡು ಬಡಿದು, ಪದ ಹೇಳಿ ಆನೆ, ಹಂದಿಗಳನ್ನು ದೂರ ಇಡಬೇಕು. ಪದ ಮುಗಿದೊಡನೆ ಪಕ್ಕದ ಹೊಲದವನನ್ನು ‘ಇದ್ದೀಯಾ’ ಎಂದು ಕೂಗಬೇಕು, ಅವನು ‘ಇವ್ನಿ ಕಣ್ಲಾ’ ಎನ್ನಬೇಕು. ಅವನು ಓಗೊಡುವ ತನಕ ಕೂಗು ನಿಲ್ಲಿಸುವ ಹಾಗಿಲ್ಲ. ಉತ್ತರ ಬರಲಿಲ್ಲವೆಂದರೆ ಅವನಿಗೆ ನಿದ್ದೆ ಹತ್ತಿದೆ, ಇಲ್ಲವೇ ಅವನ ಅಟ್ಟಣೆಯ ಬುಡದಲ್ಲಿ ಆನೆ ನಿಂತಿದೆ ಎಂದು ಅರ್ಥ.

ನನ್ನ ಪಕ್ಕದ ಹೊಲ ನಂಜಪ್ಪ ಮಾವನದು. ಯಾವ ಹೊತ್ತಿನಲ್ಲಿ ಕೂಗಿದರೂ ಆ ಕಡೆಯಿಂದ ಒಡಕು ದನಿಯಲ್ಲಿ ‘ಇವ್ನಿ ಕಣ್ಲಾ’ ಬಂದೇ ಬರುತ್ತಿತ್ತು. ಆ ಕತ್ತಲಲ್ಲಿ ಅಷ್ಟು ಕೇಳಿದರೆ ಸಾಕು, ಎದೆ ಹಗುರಾಗುತ್ತಿತ್ತು. ಇಷ್ಟು ಎಚ್ಚರದ ಮನುಷ್ಯನ ಮನೆಯಿಂದ ಕಣ್ಣು ಮುಚ್ಚಿಕೊಂಡು ಹೆಣ್ಣು ತರಬಹುದು ಎಂದು ಅಮ್ಮನಿಗೆ ಹೇಳಿದವನು ನಾನೇ. ಅವರ ಮಗಳು ಸಂಜೆ ಬುತ್ತಿ ತಂದು ಅಪ್ಪನ ಜೊತೆ ಅಟ್ಟಣೆಯಲ್ಲೇ ಉಳಿಯುತ್ತಿದ್ದಳು ಎಂಬುದು ಗೊತ್ತಿತ್ತು, ಅದು ಅಷ್ಟು ಮುಖ್ಯವಾಗಿ ಕಂಡಿರಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ನಾನು ನೋಡಿದ್ದು ಹೆಚ್ಚಾಗಿ ಮಾವನನ್ನೇ. ನಿದ್ದೆಗೆಡುವ ಅವರ ಶಕ್ತಿಯನ್ನು ನಾನು ಹೊಗಳಿದಾಗ ಅವರು ಮೀಸೆ ತಿರುವಿಕೊಂಡರು. ಬಾಗಿಲ ಹಿಂದೆ ಯಾರೋ ಕೆಮ್ಮಿದರು.

ಈಗ ಮಾವ ಇಲ್ಲ, ಅಟ್ಟಣೆಗಳೂ ಇಲ್ಲ. ಈ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ಕವಿತಾ ಮತ್ತು ಅವಳ ಸ್ನೇಹಿತರು ಸೇರಿ ಹಾಸನೂರಿನ ಹತ್ತಿರ ಒಂದು ತೋಟದಲ್ಲಿ ಬೇಸಿಗೆ ಹಬ್ಬ ಮಾಡಿದರು. ಹಗಲೆಲ್ಲ ಬೆಟ್ಟ ಹತ್ತುವುದು, ಸೈಕಲ್ಲು, ಹಗ್ಗ ಜಗ್ಗಾಟ. ಸಂಜೆ ಹಾಡು. ಕಾಡು ಪಕ್ಕದಲ್ಲೇ ಇರುವುದರಿಂದ ಮೈಕು ಇಲ್ಲ. ತಾಳಮಲೆಯಿಂದ ಕೊಳಲು, ತಮಟೆಯವರು ಬರುತ್ತಾರೆ, ಪಟ್ಟಣದ ಹುಡುಗರು ಗಿಟಾರು ತರುತ್ತಾರೆ ಎಂದು ಏರ್ಪಾಡಾಗಿತ್ತು. ಅವರ ನಡುವೆ ನಾನು.

‘ಚಿಕ್ಕಪ್ಪ, ಅಟ್ಟಣೆ ಪದ ಗೊತ್ತಿರೋರು ಈಗ ನೀವೊಬ್ರೇ. ಬರಾಕಿಲ್ಲ ಅನ್ಬ್ಯಾಡಿ’ ಎಂದಳು ಕವಿತಾ. ನಾನು ಹಾಗೆ ಅನ್ನುವ ಯೋಚನೆಯಲ್ಲೇ ಇರಲಿಲ್ಲ. ಗೌರಿ ಮಾತ್ರ, ‘ನಿಮ್ಮ ರಾಗ ಕೇಳಿ ಆನೇನೇ ಓಡೋಯ್ತಿತ್ತು. ಪಾಪ, ಆ ಐಕ್ಳು ಎಲ್ಲಿಗೆ ಓಡ್ಬೇಕು?’ ಎಂದಳು. ಆದರೂ ಆ ದಿನ ನನಗಿಂತ ಮೊದಲೇ ಸೀರೆ ಬದಲಿಸಿ ಸ್ಕೂಟರಿನ ಪಕ್ಕ ನಿಂತಿದ್ದಳು. ನನ್ನ ಮಾನ ಕಾಯಲು ಯಾರಾದರೂ ಬೇಕಲ್ಲ ಎಂಬುದು ಅವಳ ವಾದ.

ಹಬ್ಬಕ್ಕೆಂದೇ ಒಂದು ಅಟ್ಟಣೆ ಕಟ್ಟಿದ್ದರು. ಅದನ್ನು ಹತ್ತುವುದೂ ಒಂದು ಆಟವಂತೆ. ಹತ್ತುವವರ ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಹಗ್ಗ. ನಮ್ಮ ಕಾಲದಲ್ಲಿ ಸೊಂಟದಲ್ಲಿ ಇರುತ್ತಿದ್ದದ್ದು ಬೀಡಿ ಕಟ್ಟು ಮಾತ್ರ. ಹೆಲ್ಮೆಟ್ಟು ಹಾಕಿಕೊಂಡೇ ಹತ್ತಿ ಪದ ಶುರು ಮಾಡಿದೆ. ಹಂದಿಯ ವಂಶವನ್ನೆಲ್ಲ ಬೈದು, ಆನೆಯನ್ನು ಮಾತ್ರ ‘ಅಪ್ಪಾ ಸ್ವಾಮಿ’ ಎಂದು ಬೇಡಿಕೊಳ್ಳುವ ಪದ. ಜನ ನಕ್ಕರು, ತಲೆದೂಗಿದರು. ಪದ ಮುಗಿಯಿತು. ನಾನು ನೆನೆಸಿರಲೇ ಇಲ್ಲ, ಬಾಯಿ ತಾನಾಗಿ ಕೂಗಿತು: ‘ನಂಜಪ್ಪ ಮಾವೋ, ಇದ್ದೀರಾ?’

ಚಪ್ಪಾಳೆ ಬಿತ್ತು. ಚಪ್ಪಾಳೆ ಎಂದರೆ ಓಗೊಟ್ಟ ಹಾಗಲ್ಲ. ಮತ್ತೆ ಕೂಗಿದೆ. ಇದೂ ಪದದ ಭಾಗವೆಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು. ಕವಿತಾ ಕೆಳಗಿನಿಂದ ಇಳಿಯಿರಿ ಎಂದು ಸನ್ನೆ ಮಾಡಿದಳು. ಮಾವ ಇಲ್ಲವೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಉತ್ತರ ಬಾರದೆ ಇಳಿಯಲು ಕಾಲು ಏಳಲಿಲ್ಲ. ಮೂರನೆಯ ಸಲ ಕೂಗಿದೆ. ಆ ಹೊಲ, ಆ ರಾತ್ರಿಯ ಮಂಜು, ಆ ಮುದುಕ, ಯಾವುದೂ ಇನ್ನು ಬರುವುದಿಲ್ಲ ಎಂದು ಆಗ ನಿಜವಾಗಿ ತಿಳಿಯಿತು. ಕಣ್ಣು ತುಂಬಿತು.

ಆಗ ಊಟದ ಪೆಂಡಾಲಿನ ಕಡೆಯಿಂದ ಬಂತು, ಅದೇ ಒಡಕು ದನಿ, ಅದೇ ಎಳೆತ: ‘ಇವ್ನಿ ಕಣ್ಲಾ!’

ತಿರುಗಿ ನೋಡಿದರೆ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಗೌರಿ ನಿಂತಿದ್ದಾಳೆ. ಮದುವೆಯಾದ ದಿನದಿಂದ ನನ್ನನ್ನು ‘ನೀವು’ ಬಿಟ್ಟು ಮಾತಾಡಿಸದ ಹೆಂಗಸು. ನಮ್ಮ ಊರಿನವರು ಬಿದ್ದು ಬಿದ್ದು ನಕ್ಕರು. ನಾನು ಇಳಿದೆ.

ವಾಪಸು ಬರುವಾಗ ಸ್ಕೂಟರಿನ ಮೇಲೆ ಕೇಳಿದೆ, ‘ಅಂಗಾದ್ರೆ ಮಾವ?’

‘ಅಪ್ಪ ಉಂಡು ಕಂಬಳಿ ಎಳ್ಕಂಡ್ರೆ ಏಳ್ತಿದ್ದುದು ಬೆಳಕರದ ಮ್ಯಾಲೇಯ. ನೀವು ಸುಮ್ಕಿರೋರಾ? ಓ ಅನ್ನೋಗಂಟ ಕೂಗೋರು. ನಂಗೂ ನಿದ್ದೆ ಬ್ಯಾಡ್ವಾ?’

ನಾನು ಬೇರೆ ಏನನ್ನೋ ನಿರೀಕ್ಷಿಸಿದ್ದೆ. ‘ಮತ್ತೆ ಮನೇಲಿ ಕರೆದ್ರೆ ಯಾಕೆ ಓ ಅನ್ನಾಕಿಲ್ಲ?’ ಎಂದೆ.

‘ಮನೇಲಿ ಆನೆ ಬತ್ತದಾ?’ ಎಂದಳು.

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಸಿದ್ದಮ್ಮ ಬೇಲಿಯ ಆಚೆಯಿಂದ ‘ಗೌರಕ್ಕೋ’ ಎಂದು ಕೂಗತೊಡಗಿದಳು. ಒಳಗೆ ಇಣುಕಿದೆ. ಗೌರಿ ಮೊರವನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ನನ್ನಿಂದಾಗಿ ಅವಳು ಕಳೆದುಕೊಂಡ ನಿದ್ದೆಯೆಲ್ಲ ನೆನಪಾಯಿತು. ಸಿದ್ದಮ್ಮನ ಕೂಗು ಜೋರಾಯಿತು. ದನಿಯನ್ನು ಆದಷ್ಟು ತೆಳ್ಳಗೆ ಮಾಡಿಕೊಂಡು, ‘ಇವ್ನಿ ಕಣವ್ವಾ’ ಎಂದೆ.

ಸಿದ್ದಮ್ಮ ಕೂಗು ನಿಲ್ಲಿಸಿದಳು. ಆಮೇಲೆ, ‘ಯಾಕಕ್ಕಾ, ಗಂಟ್ಲು ಕಟ್ಕಂಡದಾ?’ ಎಂದು ಕೇಳಿ ಹೋದಳು.

ಸಂಜೆ ಸಿದ್ದಮ್ಮ ಅಕ್ಕನ ಗಂಟಲಿಗೆಂದು ಮೆಣಸಿನ ಕಷಾಯ ಕಾಯಿಸಿ ತಂದಳು. ಗೌರಿ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಲೋಟವನ್ನು ತಂದು ನನ್ನ ಮುಂದಿಟ್ಟಳು. ಮೆಣಸು ಸ್ವಲ್ಪ ಹೆಚ್ಚಾಗಿತ್ತು. ತಳದವರೆಗೂ ಕುಡಿದೆ.