ಅಜ್ಜಿಯ ಕುರ್ಚಿಯ ಕೆಳಗೊಂದು ಬಿಂದು

ಟಿಣ್ ಎಂದಿತು ಫೋನು. ಗಡ್ಡಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದ ರಾದಿವೊಯೆಯ ಮುಖ ಅರಳಿತು. ನಿವೃತ್ತನಾದ ಮೇಲೆ ಅವನಿಗೆ ಹಿಡಿದ ಹುಚ್ಚು ಇದು: ಫೋನು ಭೂಪಟದ ಮೇಲೆ ಮನಸ್ಸಿಗೆ ಬಂದ ಕಡೆ ಒಂದು ಬಿಂದು ಇಡುತ್ತದೆ, ಇವನು ಹೋಗಿ ಅದರ ಮೇಲೆ ನಿಂತು ಬರುತ್ತಾನೆ. ಜೋಳದ ಹೊಲ, ಕಸದ ಗುಂಡಿ, ಒಮ್ಮೆ ಹಂದಿಯ ಗೂಡು (ಹಂದಿಯ ತೀವ್ರ ವಿರೋಧದ ನಡುವೆ) - ಯಾವ ಬಿಂದುವೂ ಇದುವರೆಗೆ ಅವನಿಂದ ತಪ್ಪಿಸಿಕೊಂಡಿರಲಿಲ್ಲ.

ಇವತ್ತಿನ ಬಿಂದುವಿನಿಂದ ಇನ್ನೊಂದು ಲಾಭವಿತ್ತು. ಸಂತ ನಿಕೋಲಾನ ದಿನ. ಹೆಂಡತಿ ದೆಸಾಂಕಾಳ ಅಣ್ಣನ ಮನೆಯಲ್ಲಿ ಸ್ಲಾವಾ, ಅಂದರೆ ಮನೆತನ ಕಾಯುವ ಸಂತನ ಹಬ್ಬ. ಆ ಅಣ್ಣ ಮೊದಲ ತುತ್ತಿನಿಂದ ಕೊನೆಯ ತೇಗಿನವರೆಗೂ ತನ್ನ ಪಿತ್ತಕೋಶದ ಕಲ್ಲಿನ ಪುರಾಣ ಹೇಳುವವನು. ಎಷ್ಟು ತಡವಾದರೆ ಅಷ್ಟು ಪುಣ್ಯ.

"ದಾರೀಲೇ ಇದೆ. ಒಂದು ನಿಮಿಷ ನಿಂತು ಹೋಗೋಣ."

"ನಿನ್ನ ಒಂದು ನಿಮಿಷ ನಂಗೊತ್ತಿಲ್ವಾ ಮಾರಾಯ? ಹೋದ ಸಲ ಕೆಸರಲ್ಲಿ ಕಾರು ತಳ್ಳಿದ್ದು ಯಾರು, ಆ ಬಿಂದುನಾ?" ಎನ್ನುತ್ತಲೇ ದೆಸಾಂಕಾ ಅಣ್ಣನಿಗೆಂದು ಮಾಡಿದ ಅಕ್ರೋಟಿನ ಕೇಕನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು.

ಬಿಂದು ಯಾರದೋ ಮನೆಯೊಳಗಿತ್ತು. ಬಾಗಿಲು ತೆರೆದ ಯಜಮಾನ ಮಿಲಿಸಾವನಿಗೆ ರಾದಿವೊಯೆ ಅಕ್ಷಾಂಶ ರೇಖಾಂಶಗಳ ಪೀಠಿಕೆ ಹಾಕುವಷ್ಟರಲ್ಲಿ, "ಬನ್ನಿ ಅಣ್ಣ, ಬನ್ನಿ ಅಕ್ಕ, ಹಬ್ಬದ ದಿನ ಹೊಸ್ತಿಲಲ್ಲಿ ನಿಲ್ತಾರಾ?" ಎಂದು ಅವನು ಇಬ್ಬರ ಕೋಟನ್ನೂ ಕಳಚಿಸಿ ತೆಗೆದುಕೊಂಡಾಗಿತ್ತು. ಅಲ್ಲೂ ಸ್ಲಾವಾ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬರುವವರು ತಾವೇ ಬರುತ್ತಾರೆ. ಬಂದವರನ್ನು ಯಾರೆಂದು ಕೇಳುವುದೂ ಇಲ್ಲ. ಕೇಕು ಹಿಡಿದು ನಿಂತ ದೆಸಾಂಕಾ ಬೇರೇನು ಮಾಡಿಯಾಳು? ಮನೆಯೊಡತಿಯ ಕೈಗೆ ಕೊಟ್ಟುಬಿಟ್ಟಳು.

ಫೋನು ಒಲೆಯ ಪಕ್ಕದ ಕುರ್ಚಿಯನ್ನು ತೋರಿಸಿತು. ಅದರಲ್ಲಿ ಮಿಲಿಸಾವನ ತಾಯಿ, ಬೇರು ಬಿಟ್ಟ ಮರದಂತೆ.

"ಅಜ್ಜಿ, ಸ್ವಲ್ಪ ಈಚೆ ಕೂತ್ಕೋತೀರಾ?"

"ಚಳಿನಾ ಮಗಾ? ಇನ್ನೊಂದು ಲೋಟ ರಾಕಿಯಾ ಹಾಕ್ಕೋ."

ಆ ಹಣ್ಣಿನ ಸಾರಾಯಿಯನ್ನು ಹಾಕಿಕೊಂಡ. ಅಜ್ಜಿ ಅಲ್ಲಾಡಲಿಲ್ಲ. ಆದರೆ ಹಬ್ಬದ ರೊಟ್ಟಿ ಕತ್ತರಿಸುವಾಗ ಎಲ್ಲರೂ ಎದ್ದು ನಿಲ್ಲಲೇಬೇಕು. ಅಜ್ಜಿಯೂ ಎದ್ದಳು, ಕುರ್ಚಿ ಖಾಲಿಯಾಯಿತು. ರಾದಿವೊಯೆ ಹೆಜ್ಜೆ ಎತ್ತಿದ.

"ಅಣ್ಣ, ದೂರದಿಂದ ಬಂದಿದ್ದೀರಿ, ರೊಟ್ಟಿ ನೀವು ಹಿಡೀಬೇಕು," ಎಂದ ಮಿಲಿಸಾವ.

ರೊಟ್ಟಿಯನ್ನು ಇಬ್ಬರೂ ಹಿಡಿದು, ಪ್ರಾರ್ಥನೆ ಹೇಳುತ್ತ, ನಿಧಾನವಾಗಿ ತಿರುಗಿಸಬೇಕು. ನಡುವೆ ಕೈಬಿಡುವಂತಿಲ್ಲ. ಅವನ ಕೈಯಲ್ಲಿ ರೊಟ್ಟಿ, ಕಣ್ಣು ಕುರ್ಚಿಯಲ್ಲಿ. ರೊಟ್ಟಿ ಮುರಿದು ಮುತ್ತಿಡುವ ಹೊತ್ತಿಗೆ ಅಜ್ಜಿ ಮತ್ತೆ ಪ್ರತಿಷ್ಠಾಪನೆಗೊಂಡಿದ್ದಳು.

"ರೊಟ್ಟಿ ಹಿಡಿದವನು ಇನ್ನು ವರ್ಷಾ ವರ್ಷಾ ಬರಬೇಕು," ಎಂದಳು ಅಜ್ಜಿ.

"ಬರದೇ ಇರ್ತೀವಾ ಅಮ್ಮ? ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ನಮ್ಮಣ್ಣನ ಮನೇಲಿ," ಎಂದಳು ಮೀನಿನ ಸಾರಿಗೆ ಸೋತಿದ್ದ ದೆಸಾಂಕಾ.

ಒಂದು ಸ್ಲಾವಾದಿಂದ ನುಣುಚಿಕೊಳ್ಳಲು ಹೋಗಿ ಎರಡನ್ನು ಜೀವನಪರ್ಯಂತ ಕಟ್ಟಿಕೊಂಡ ರಾದಿವೊಯೆ ದುಃಖ ತಡೆಯದೆ ಕುರ್ಚಿಯ ಕೆಳಗಿನ ಬಿಂದುವಿನ ಕಥೆಯನ್ನೆಲ್ಲ ಹೇಳಿಬಿಟ್ಟ.

"ಇಷ್ಟಕ್ಕೇನಾ? ಮೊದಲೇ ಬಾಯಿ ಬಿಡೋದಲ್ವಾ," ಎಂದು ಅಜ್ಜಿ ಎದ್ದು ಕುರ್ಚಿ ಸರಿಸಿದಳು.

ರಾದಿವೊಯೆ ವಿಜಯಿಯಂತೆ ನಿಂತ. ಚಾವಣಿಯ ಕೆಳಗೆ ಫೋನಿನ ಕಣ್ಣೂ ಮಂಜಾಗಿ, ಇವನಿದ್ದ ಜಾಗ ಅದಕ್ಕೆ ಸರಿಯಾಗಿ ಕಂಡಿರಲಿಲ್ಲವೇನೋ. ಅದನ್ನು ಕಿಟಕಿಯತ್ತ ಚಾಚಿದೊಡನೆ ಪರದೆಯ ಮೇಲಿನ ಬಿಂದು ನಿಧಾನವಾಗಿ ಜಾರಿ, ಗೋಡೆ ದಾಟಿ, ಪಕ್ಕದ ಮನೆಯೊಳಗೆ ಹೋಗಿ ಕೂತಿತು.

ಅಜ್ಜಿ ಇಣುಕಿ ನೋಡಿದಳು. "ಅವರ ಮನೇಲೂ ನಿಕೋಲಾನೇ ಕಣೋ. ಅವರೂ ಯಾರಂತ ಕೇಳಲ್ಲ."

"ರಾದಿವೊಯೆ, ಕೂತ್ಕೋ. ಮೂರನೇ ಮನೆಗೂ ವರ್ಷಾ ವರ್ಷಾ ಅಲೆಯೋಕೆ ನನ್ನ ಕೈಲಾಗಲ್ಲ. ಅಲ್ಲೂ ನಿನ್ನ ಕೈಗೆ ರೊಟ್ಟಿ ಕೊಟ್ರೆ ಆಮೇಲೆ ನನ್ನನ್ನ..." ಎಂದು ದೆಸಾಂಕಾ ಹೇಳುತ್ತಲೇ ಇದ್ದಳು. ರಾದಿವೊಯೆ ಕೋಟಿನ ಒಂದು ತೋಳು ಮಾತ್ರ ತೊಟ್ಟು ಅಂಗಳ ದಾಟುತ್ತಿದ್ದ.