ಪೀಸಿಗೆ ಬಂದ ಕುದುರೆ

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಸಂಜೆಯೊಳಗೆ ಯಾರಾದರೂ ಒಬ್ಬರು ಬಂದು ನಗಿಸಿ ಹೋಗುತ್ತಾರೆ. ಅವರು ಗಂಭೀರವಾಗಿ ಬಂದು ಗಂಭೀರವಾಗಿಯೇ ಹೋಗುತ್ತಾರೆ. ಅವರು ರಸ್ತೆ ದಾಟುವವರೆಗೆ ನಾನು ತುಟಿ ಕಚ್ಚಿಕೊಂಡಿರಬೇಕು, ಅಷ್ಟೇ ಕಷ್ಟ.

ಟೇಪು

ಹಾಸನದಲ್ಲಿ ನನ್ನದೊಂದು ಅಂಗಡಿ. ಮುಂದಿನ ಭಾಗದಲ್ಲಿ ಕಂಪ್ಯೂಟರ್ ರಿಪೇರಿ. ಹಿಂದಿನ ರೂಮಿನಲ್ಲಿ ಒಂದು ದೊಡ್ಡ ಟೀವಿ, ಅದಕ್ಕೆ ಸಿಕ್ಕಿಸಿದ ಗೇಮ್ ಕನ್ಸೋಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಜನ ಬಂದು ಒಂದು ಗಂಟೆ, ಎರಡು ಗಂಟೆ ಆಡಿಕೊಂಡು ಹೋಗುತ್ತಾರೆ. ಯಾರೂ ಇಲ್ಲದಾಗ ನಾನು ಆಡುತ್ತೇನೆ. ನಿಜ ಹೇಳಿಬಿಡುತ್ತೇನೆ, ಗಿರಾಕಿಗಳು ಒಂದು ನೆಪ. ಆ ರೂಮು ಇದ್ದದ್ದೇ ನನಗೋಸ್ಕರ.

ಅಲ್ಲಿಗೆ ಜನರನ್ನು ಎಳೆದು ತರುತ್ತಿದ್ದದ್ದು ಒಂದೇ ಆಟ. ಒಬ್ಬ ಮುದುಕ ಸಿಪಾಯಿ ಹಿಮದ ಬೆಟ್ಟದಲ್ಲಿ ಕಳೆದುಹೋದ ತನ್ನ ಹೆಣ್ಣುಕುದುರೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ಕನ್ಸೋಲ್ ತಯಾರಿಸುವ ಕಂಪನಿಯದೇ ಆಟ. ಹಾಗಾಗಿ ಆ ಕನ್ಸೋಲ್ ಬಿಟ್ಟರೆ ಬೇರೆಲ್ಲೂ ಆಡುವಂತಿರಲಿಲ್ಲ. ಒಂದು ದಿನ ಸುದ್ದಿ ಬಂತು: ಇನ್ನು ಮೇಲೆ ಪೀಸಿಯಲ್ಲೂ, ಅಂದರೆ ಮಾಮೂಲಿ ಕಂಪ್ಯೂಟರಿನಲ್ಲೂ ಸಿಗುತ್ತದಂತೆ.

ಅವತ್ತು ರೂಮಿನಲ್ಲಿ ಇಬ್ಬರು ಖಾಯಂ ಗಿರಾಕಿಗಳಿದ್ದರು. ಒಬ್ಬರು ಹೊಳೆನರಸೀಪುರದಲ್ಲಿ ಪಾಠ ಹೇಳುವ ಕಾಲೇಜು ಮೇಷ್ಟ್ರು. ಇನ್ನೊಬ್ಬರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ ಸೆಕ್ರೆಟರಿ.

"ಬರಲೇಬೇಕು" ಎಂದರು ಮೇಷ್ಟ್ರು. "ಒಂದು ಆಟ ಆಡೋಕೆ ಒಂದು ಪೆಟ್ಟಿಗೆ ತಗೋ ಅನ್ನೋದು ಯಾವ ಸೀಮೆ ನ್ಯಾಯ?"

"ಎಲ್ಲಾ ಕಡೆ ಸಿಗೋದಾದ್ರೆ ಕನ್ಸೋಲ್ ಯಾರು ತಗೋತಾರೆ ಸಾರ್? ಕಂಪನಿಯೋರು ಮಣ್ಣು ತಿನ್ನಬೇಕಾ?" ಎಂದೆ. ಕಂಪನಿಯ ಮೇಲೆ ನನಗೆ ಅಷ್ಟು ಕನಿಕರ ಅದೇ ಮೊದಲು.

"ಪೀಸಿಗೆ ಬರ್ಲಿ ಬುಡಿ ಸಾ" ಎಂದರು ಸೆಕ್ರೆಟರಿ. "ಹಾಸನಕ್ಕೆ ಬಸ್ಸಲ್ಲಿ ನಿಂತ್ಕಂಡು ಬರೋದು ತಪ್ತದೆ."

ಅಷ್ಟರಲ್ಲಿ ಬಾಗಿಲಲ್ಲಿ ನನ್ನ ಹೆಂಡತಿ, ಊಟದ ಕ್ಯಾರಿಯರ್ ಹಿಡಿದುಕೊಂಡು. ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಹಾಲ್ ತುಂಬಾ ಬಟ್ಟೆ, ಕಾಲಿಡಲು ಜಾಗವಿಲ್ಲ. ಈ ರೂಮಿನ ಮೇಲೆ ಅವಳಿಗೆ ಬಹಳ ದಿನದಿಂದ ಕಣ್ಣು.

"ಅಂದ್ರೆ ಇನ್ಮೇಲೆ ಇಲ್ಲಿಗೆ ಯಾರೂ ಬರಲ್ಲ ಅಂತಾಯ್ತು" ಎಂದಳು. "ಒಂದು ತಿಂಗಳು ನೋಡ್ತೀನಿ ರೀ. ಜನ ಬಂದ್ರೆ ರೂಮು ನಿಮ್ದು. ಬರದಿದ್ರೆ ನಂದು."

ಹಾಗೆಂದವಳೇ ಬ್ಯಾಗಿನಿಂದ ಅಳತೆ ಟೇಪು ತೆಗೆದಳು. ಅದರ ಇನ್ನೊಂದು ತುದಿ ಹಿಡಿದುಕೊಂಡು ಗೋಡೆಯವರೆಗೆ ನಡೆದವರು ಯಾರೆಂದುಕೊಂಡಿರಿ? ನನ್ನ ಗಿರಾಕಿ ಸೆಕ್ರೆಟರಿ. "ಹನ್ನೊಂದಡಿ ಐತೆ ಕಣಕ್ಕ" ಎಂದು ಗಟ್ಟಿಯಾಗಿ ಓದಿ ಬೇರೆ ಹೇಳಿದರು.

ಜ್ವರ

ಮೊದಲು ಕೈಬಿಟ್ಟವರು ಮೇಷ್ಟ್ರು. ಹೊಸ ಪೀಸಿ ತಂದರು, ಆಟ ಹಾಕಿಕೊಂಡರು, ನನ್ನ ಅಂಗಡಿ ಕಡೆ ತಲೆ ಹಾಕುವುದು ಬಿಟ್ಟರು. ವಾರ ಕಳೆದ ಮೇಲೆ ಫೋನು.

"ಹತ್ತು ನಿಮಿಷ ಆಡೋ ಅಷ್ಟರಲ್ಲಿ ತಾನೇ ಆಫ್ ಆಗುತ್ತೆ ಕಣ್ರೀ. ಇದು ಕಂಪನಿಯೋರ ಕುತಂತ್ರ. ಪೀಸೀಲಿ ಬೇಜಾರಾಗಿ ಕನ್ಸೋಲ್ ತಗೊಳ್ಳಲಿ ಅಂತ ಬೇಕಂತಲೇ ಹಿಂಗೆ ಮಾಡಿ ಬಿಟ್ಟಿದ್ದಾರೆ."

ಹೊಳೆನರಸೀಪುರಕ್ಕೆ ಹೋದೆ. ಪರದೆಯ ತುಂಬಾ ಹಿಮ ಸುರಿಯುತ್ತಿತ್ತು. ಕೆಳಗಿದ್ದ ಪೀಸಿಯ ಡಬ್ಬ ಮಾತ್ರ ದೋಸೆ ಹುಯ್ಯುವಷ್ಟು ಕಾದಿತ್ತು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಬಟ್ಟೆ ಎತ್ತಿದರೆ ಒಳಗೆ ಪ್ಲಾಸ್ಟಿಕ್ ಹೊದಿಕೆ. ಅದನ್ನೂ ಎತ್ತಿದರೆ ಗಾಳಿಯಾಡುವ ತೂತುಗಳಿಗೆಲ್ಲ ಅಂಟಿನ ಟೇಪು. ಎಲ್ಲದರ ಮೇಲೆ ಒದ್ದೆ ಟವೆಲ್ಲು!

ಮೇಷ್ಟ್ರ ತಾಯಿ ಅಡುಗೆಮನೆಯಿಂದ ಬಂದರು. "ಹೊಸಾ ಸಾಮಾನು ಕಣಪ್ಪ, ಬರೀ ಮೈಲಿ ಬುಡಕಾಯ್ತದಾ? ಧೂಳು ಕೂರ್ತದೆ. ಆ ತೂತಲ್ಲಿ ಹಲ್ಲಿ ಓಯ್ತವೆ ಅಂತ ನಾನೇ ಟೇಪ್ ಅಂಟಿಸ್ದೆ."

"ಈ ಒದ್ದೆ ಟವೆಲ್ಲು ಯಾಕಮ್ಮ?"

"ನಾಕ್ ದಿನದಿಂದ ಮೈ ಕೆಂಡ ಆಗೈತೆ. ಒದ್ದೆ ಬಟ್ಟೆ ಆಕುದ್ರೆ ಇಳೀತದೆ ಅಂತ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಟವೆಲ್ಲು ತೆಗೆದೆ, ಹೊದಿಕೆ ತೆಗೆದೆ, ಟೇಪು ಕಿತ್ತೆ. ಅರ್ಧ ಗಂಟೆ ಆಡಿದರೂ ಪೀಸಿ ಅಲುಗಲಿಲ್ಲ. ಮೇಷ್ಟ್ರಿಗೆ ಸ್ವರ್ಗ ಸಿಕ್ಕಂತಾಯಿತು. ನನಗೆ ಹೊಟ್ಟೆ ಉರಿಯಿತು. ನನ್ನ ಗಿರಾಕಿಯನ್ನು ನಾನೇ ಕೈಯಾರೆ ಅವರ ಮನೆಯಲ್ಲಿ ಕೂರಿಸಿದಂತಾಗಿತ್ತು.

ಚಪ್ಪಲಿ ಮೆಟ್ಟುವಾಗ ಅಮ್ಮ ಹಿಂದೆಯೇ ಬಂದರು. ಮೆಲ್ಲಗೆ ಕೇಳಿದರು: "ಜ್ವರ ಬುಡ್ತಲ್ಲಪ್ಪ, ನಾಳೀಕೆ ನೀರು ಉಯ್ಬೋದಾ?"

ಎರಡನೇ ಪಂಕ್ತಿ

ಅರಕಲಗೂಡಿನಲ್ಲಿ ಒಬ್ಬ ಫೋಟೋ ಸ್ಟುಡಿಯೋದವನಿದ್ದಾನೆ. ಮದುವೆ ವಿಡಿಯೋ ಮಿಕ್ಸಿಂಗ್ ಮಾಡಲು ಅವನ ಹತ್ತಿರ ಭರ್ಜರಿ ಪೀಸಿ ಇದೆ. ಅಂಥ ಪೀಸಿಗೆ ಈ ಆಟ ಲೆಕ್ಕಕ್ಕಿಲ್ಲ. ಆದರೆ ಆಟಕ್ಕೆ ಜಾಗ ಬಹಳ ಬೇಕು, ಅವನ ಡಿಸ್ಕಿನಲ್ಲಿ ಮದುವೆಗಳೇ ತುಂಬಿದ್ದವು. ತಾಳಿ ಕಟ್ಟೋದು ಅಳಿಸುವಂತಿಲ್ಲ, ಧಾರೆ ಅಳಿಸುವಂತಿಲ್ಲ. ಊಟದ ಪಂಕ್ತಿ ಯಾರು ನೋಡ್ತಾರೆ ಅಂದುಕೊಂಡು ಒಂದು ಮದುವೆಯ ಊಟವನ್ನು ಪೂರ್ತಿ ಅಳಿಸಿ, ಆ ಜಾಗಕ್ಕೆ ಆಟ ಹಾಕಲು ಶುರುಮಾಡಿದ.

ಇಷ್ಟು ವರ್ಷ ಕ್ಯಾಮೆರಾ ಹಿಡಿದವನಿಗೆ ಇದು ತಿಳಿಯಬೇಡವೇ? ನಮ್ಮ ಕಡೆ ಮದುವೆ ವಿಡಿಯೋದಲ್ಲಿ ಜನ ನೋಡುವುದೇ ಊಟದ ಪಂಕ್ತಿ. ಯಾರು ಬಂದಿದ್ದರು, ಯಾರು ಯಾರ ಪಕ್ಕ ಕೂತರು, ಎಲ್ಲ ಗೊತ್ತಾಗುವುದು ಅಲ್ಲೇ.

ಆಟ ಕಾಲುಭಾಗ ಇಳಿಯುವಷ್ಟರಲ್ಲಿ ಆ ಮದುವೆ ಹುಡುಗಿಯ ಸೋದರಮಾವ ಸ್ಟುಡಿಯೋಗೆ ನುಗ್ಗಿದ, ಜೊತೆಗೆ ಅವನ ಅಕ್ಕ. ಹುಡುಗಿಯ ತಾಯಿ ಆಕೆಯೇ.

"ನಾನು ಮುನಿಸ್ಕಂಡು ಉಣ್ದೆ ಓದೆ ಅಂತ ಇವ್ಳು ಊರೆಲ್ಲಾ ಹೇಳ್ಕಂಡು ಬತ್ತಾವ್ಳೆ. ಎರಡನೇ ಪಂಕ್ತೀಲಿ ಕೂತಿದ್ದೆ ನಾನು! ತೆಗೀರಿ ವಿಡಿಯೋನ!"

ಸ್ಟುಡಿಯೋದವನು ಅಳು ದನಿಯಲ್ಲಿ ನನಗೆ ಫೋನು ಮಾಡಿದ. ಹೋದೆ. ಮೊದಲು ಆಟ ನಿಲ್ಲಿಸಿದೆ. ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಅಳಿಸಿದ್ದರಲ್ಲಿ ಒಂದು ತುಂಡು ವಾಪಸ್ ಸಿಕ್ಕಿತು. ಅದೃಷ್ಟಕ್ಕೆ ಎರಡನೇ ಪಂಕ್ತಿ. ಮಾವ ಎಲೆಯ ಮುಂದೆ ಕೂತಿದ್ದಾನೆ.

"ನೋಡಕ್ಕ! ಕಣ್ ಬುಟ್ಟು ನೋಡು!" ಮಾವ ತೊಡೆ ತಟ್ಟಿಕೊಂಡ.

ವಿಡಿಯೋ ಓಡುತ್ತಿತ್ತು. ಪರದೆಯ ಮೇಲಿನ ಮಾವ ಆ ಕಡೆ ಈ ಕಡೆ ನೋಡಿದ. ಟವೆಲ್ಲು ಬಿಚ್ಚಿ ತೊಡೆಯ ಮೇಲೆ ಹಾಸಿದ. ಒಬ್ಬಟ್ಟು ಒಂದು, ಎರಡು, ಮೂರು ಟವೆಲ್ಲಿನೊಳಗೆ ಹೋದವು. ಪಕ್ಕದವರು ಕೈ ತೊಳೆಯಲು ಎದ್ದಾಗ ಅವರ ಎಲೆಯಿಂದ ಇನ್ನೆರಡು.

"ಅಯ್ಯೋ ನಿನ್ನ! ಮೂರನೇ ಪಂಕ್ತಿಗೆ ಒಬ್ಬಟ್ಟು ಸಾಲ್ದೆ ಬೀಗ್ರ ಮುಂದೆ ಮಾನ ಓಯ್ತಲ್ಲೋ!" ಎಂದಳು ಅಕ್ಕ.

ಮಾವ ನನ್ನ ತೋಳು ಹಿಡಿದು ಮೂಲೆಗೆ ಕರೆದೊಯ್ದ. "ಸಾ, ಆ ಆಟ ಇತ್ತಲ್ಲ, ಅದ್ನ ಮತ್ತೆ ಆಕ್ಬುಡಿ. ಇದ್ರ ಮ್ಯಾಲೇ ಆಕ್ಬುಡಿ."

ಹನ್ನೊಂದು ಜನ

ತಿಂಗಳು ಮುಗಿಯಲು ಒಂದೇ ದಿನ ಬಾಕಿ. ರೂಮಿನಲ್ಲಿ ನೊಣವೂ ಇರಲಿಲ್ಲ. ಹೆಂಡತಿ ಹೊಸ ಹೊಲಿಗೆ ಮೆಷಿನ್ನಿಗೆ ಹೇಳಿಯಾಗಿತ್ತು. ನನಗೆ ನಿಜವಾಗಲೂ ದುಃಖವಾಗಿತ್ತು. ಖಾಲಿ ರೂಮಿನಲ್ಲಿ ಕೂತು ಕೊನೆಯ ಸಲ ಎಂದು ಆಡುತ್ತಿದ್ದೆ. ಆಗ ಡೈರಿ ಸೆಕ್ರೆಟರಿಯ ಫೋನು.

"ಸಾ, ಬೇಗ ಬನ್ನಿ. ಡೈರಿ ನಿಂತೋಗೈತೆ."

ಶಾಂತಿಗ್ರಾಮ ದಾಟಿ ಬೈಕು ತಿರುಗಿಸಿ ಹಳ್ಳಿ ಸೇರಿದೆ. ಹಾಲಿನ ಕ್ಯಾನುಗಳು ಸಾಲಾಗಿ ಹೊರಗೆ ಕೂತಿದ್ದವು, ಸಾಲಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಎಲ್ಲರೂ ಒಳಗೆ ಕಂಪ್ಯೂಟರ್ ಮುಂದೆ. ಹಾಲಿನ ಫ್ಯಾಟ್ ಬರೆದಿಟ್ಟು ಚೀಟಿ ಕೊಡುವ ಬಡಪಾಯಿ ಕಂಪ್ಯೂಟರ್ ಅದು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಬಿಡುವಿದೆಯಲ್ಲ ಎಂದು ಸೆಕ್ರೆಟರಿ ಅದಕ್ಕೆ ಆಟ ಹಾಕಿದ್ದರು. ಅದು ತೆವಳುತ್ತಾ ತೆವಳುತ್ತಾ ಹೇಗೋ ಬೆಟ್ಟ ಹತ್ತಿ, ಹಾಲು ತಂದವರು ಸುತ್ತ ನಿಂತು ನೋಡುವಾಗಲೇ ನಿಂತುಹೋಗಿತ್ತು. ಪರದೆಯಲ್ಲಿ ಬಂಡೆಯ ತುದಿಯಲ್ಲಿ ಮುದುಕ ಸಿಪಾಯಿ, ಕೆಳಗೆ ಹಿಮದಲ್ಲಿ ಸಿಕ್ಕಿಬಿದ್ದ ಕುದುರೆ.

ಆಟ ತೆಗೆದು ಫ್ಯಾಟಿನ ಪ್ರೋಗ್ರಾಂ ತೆರೆಯಲು ಹೋದೆ. ಒಬ್ಬರು ಅಜ್ಜಿ ನನ್ನ ಕೈ ಹಿಡಿದರು.

"ಫ್ಯಾಟು ಆಮ್ಯಾಕೆ ನೋಡುವಂತೆ. ಕುದ್ರೆ ಏನಾಯ್ತು ಹೇಳು."

"ಈ ಕಂಪ್ಯೂಟರಿಗೆ ಅಷ್ಟು ಶಕ್ತಿ ಇಲ್ಲ ಅಜ್ಜಿ."

"ನನ್ನ ಎಮ್ಮೆ ಕಳದು ಮೂರ್ ದಿನ ಆದ್ಮ್ಯಾಕೆ ಸಿಕ್ತು. ಆ ಸಂಕಟ ನಂಗೊತ್ತು ಕಣಪ್ಪ. ಅಲ್ಲಾ, ಈ ವಯ್ಯ ಕತ್ತಿ ಹಿಡ್ಕಂಡು ಓದ್ರೆ ಯಾವ ಕುದ್ರೆ ಬತ್ತದೆ? ಹಗ್ಗ ಹಿಡ್ಕಂಡು ಓಗಾಕೇಳು."

"ನಮ್ಮ ಅಂಗಡಿ ಕನ್ಸೋಲಲ್ಲಿ ಕೊನೇವರೆಗೂ ಓಡುತ್ತೆ" ಎಂದು ಬಾಯಿತಪ್ಪಿ ಅಂದೆ.

"ಅಂಗಾರೆ ಅಲ್ಲಿಗೇ ಓಗನ" ಎಂದರು ಅಜ್ಜಿ. ಉಳಿದವರು ತಲೆಯಾಡಿಸಿ, ಆಮೇಲೆ ಹಾಲು ಹಾಕಿದರು.

ಮಾರನೇ ದಿನ ಬೆಳಗಿನ ಹಾಲು ಹಾಕಿ ಮುಗಿಸಿ ಬಂದೇ ಬಿಟ್ಟರು. ಅಂಗಡಿ ಮುಂದೆ ಒಂದು ಗೂಡ್ಸ್ ಆಟೋದಿಂದ ಹೊಲಿಗೆ ಮೆಷಿನ್ ಇಳಿಯುತ್ತಿತ್ತು, ಇನ್ನೊಂದರಿಂದ ಹನ್ನೊಂದು ಜನ.

ಹೆಂಡತಿ ನನ್ನ ಮುಖ ನೋಡಿದಳು. "ಇವ್ರೆಲ್ಲಾ ಬ್ಲೌಸ್ ಹೊಲಿಸೋಕೆ ಬಂದಿದ್ದಾರಾ?"

"ಇಲ್ಲ, ಕುದುರೆ ಹುಡುಕೋಕೆ."

ರೂಮು ತುಂಬಿತು. ಕುರ್ಚಿ ಸಾಲದೆ ನೆಲದ ಮೇಲೆ ಕೂತರು. ನಾನು ಕಂಟ್ರೋಲರ್ ಹಿಡಿದೆ. ಕುದುರೆಯನ್ನು ಮುಟ್ಟಬೇಕಾದರೆ ತೋಳಗಳ ಹಿಂಡನ್ನು ದಾಟಬೇಕು. ಒಂದು ಸಲ ಸತ್ತೆ. ಎರಡು ಸಲ ಸತ್ತೆ. ಮೂರನೇ ಸಲ ಸತ್ತಾಗ ಅಜ್ಜಿ, "ಇವ್ನ ಕೈಲಿ ಆಯ್ಕಿಲ್ಲ ಬುಡು" ಎಂದರು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಹೆಂಡತಿ ತಡೆಯಲಾರದೆ ಕೂಗಿದಳು: "ಎಡಗಡೆ ರೀ! ಎಡಗಡೆ ಬರ್ತಿದೆ!" ನಾಲ್ಕನೇ ಸಲ ಸತ್ತೆ.

"ಕೊಡಿ ಇಲ್ಲಿ" ಎಂದು ಕಿತ್ತುಕೊಂಡಳು.

ಕಣ್ಣಿಗೆ ಕಾಣದ ಕೊಕ್ಕೆ, ಕಾಜಾ ಹೊಲಿಯುವ ಕೈ ಅದು, ನಡುಗುವುದೇ ಇಲ್ಲ. ಕುರ್ಚಿಯ ಕೆಳಗೆ ಅವಳ ಎರಡೂ ಪಾದ ಮೆಷಿನ್ ತುಳಿದಂತೆ ಕುಣಿಯುತ್ತಿದ್ದವು. ತೋಳಗಳು ಒಂದೊಂದಾಗಿ ಉರುಳಿದವು. ಮುದುಕ ಕೆಳಗಿಳಿದು ಕುದುರೆಯ ಕತ್ತು ತಬ್ಬಿಕೊಂಡ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಹೆಂಡತಿಯೂ ಒರೆಸಿಕೊಂಡಳು. ನನಗಂತೂ ಕುಣಿಯುವಷ್ಟು ಸಂತೋಷ. ತಿಂಗಳು ಮುಗಿದಿತ್ತು, ರೂಮು ತುಂಬಿತ್ತು.

"ನೋಡಿದ್ಯಾ? ಜನ ಬಂದ್ರು. ರೂಮು ನಂದು!"

ಅವಳು ಟೀವಿಯಿಂದ ಕಣ್ಣು ಕೀಳಲಿಲ್ಲ. "ರೂಮು ಹಿಂಗೇ ಇರ್ಲಿ ರೀ, ನಾನೆಲ್ಲಿ ಬೇಡ ಅಂದೆ? ಆ ಮೆಷಿನ್ ನಿಮ್ಮ ಟೇಬಲ್ ಪಕ್ಕ ಇಡಿಸಿ. ನೀವು ಮುಂದೆ ಕೂತು ಪ್ರಿಂಟರ್ ನೋಡಿ. ಈ ಕುದುರೆ ಬಸುರಿಯಂತೆ, ಮರಿ ಹಾಕೋವರೆಗೆ ನಾನು ಏಳಲ್ಲ."

ಅವತ್ತಿನಿಂದ ಆ ಕಂಟ್ರೋಲರ್ ನನ್ನ ಕೈಗೆ ಬಂದಿಲ್ಲ. ಮೊನ್ನೆ ಮೇಷ್ಟ್ರು ಬಂದು, "ಈಗೇನಂತೀರಿ? ಕನ್ಸೋಲ್ ಆಟ ಪೀಸಿಗೆ ಬರಬೇಕೋ ಬೇಡ್ವೋ?" ಎಂದು ಕೆಣಕಿದರು.

ಹಿಂದಿನ ರೂಮಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದೆ: "ಒಂದು ಆಟಾನೂ ಬಿಡದಂಗೆ ಎಲ್ಲಾನೂ ಬರಬೇಕು ಸಾರ್. ಇಲ್ಲಾಂದ್ರೆ ನಾನು ಆಡೋದು ಎಲ್ಲಿ?"