ಸಡ್ಡಕನ ಕಾರು, ನನ್ನ ಪಾಲಿಶ್ ಮಷಿನ್

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇರುತ್ತದೆ. ನನಗೆ ಸಡ್ಡಕ ಇದ್ದಾನೆ. ಹೆಂಡತಿಯ ಅಕ್ಕನ ಗಂಡ, ಭಾಲ್ಕಿಯವನು. ಎದುರಿಗೆ 'ಅಣ್ಣಾರ' ಅನ್ನುತ್ತೇನೆ. ಬರೆಯುವಾಗ ಆ ತ್ರಾಸು ಇಲ್ಲ. ಅವನು ಹೊಸದಾಗಿ ಏನು ತಂದರೂ ನನ್ನ ಮನೆಯಲ್ಲಿ ಒಂದು ಅನಾಹುತ ಆಗಲೇಬೇಕು. ಅವನು ಫ್ರಿಜ್ ತಂದಾಗ ಆಯಿತು, ದೇವರ ಕೋಣೆಗೆ ಮಾರ್ಬಲ್ ಹಾಕಿಸಿದಾಗ ಆಯಿತು, ಕಾರಿಗೆ ಪಾಲಿಶ್ ಮಾಡುವ ಮಷಿನ್ ತಂದಾಗಲಂತೂ ಸಾಲುಸಾಲಾಗಿ ಆಯಿತು.

ಬರದಲ್ಲಿ ಬರಕತ್ತು

ಬರ ಬಿದ್ದು ಎರಡನೆಯ ವರ್ಷ. ಮಾಂಜ್ರಾ ನದಿ ಬತ್ತಿತ್ತು. ಹೈದರಾಬಾದ್, ಪುಣೆ ಕಡೆ ಹೋಗುವ ಬಸ್ಸುಗಳ ತುಂಬ ಗಂಟುಮೂಟೆ, ಹಾಸಿಗೆ, ಮಕ್ಕಳು. ನಾನು ಬೀದರಿನಲ್ಲಿ ವಿಮಾ ಏಜೆಂಟ್. ಆ ವರ್ಷ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಉಳಿದರ್ಧ ಮನೆಯವರು ನಾನು ಬರುವುದನ್ನು ನೋಡಿ ಬೀಗ ಹಾಕುತ್ತಿದ್ದರು.

ಸಡ್ಡಕ ಬೋರ್‌ವೆಲ್ ಏಜೆಂಟ್. ನೀರು ಕೆಳಗೆ ಹೋದಷ್ಟೂ ಅವನು ಮೇಲೆ ಹೋದ. ಬೋರಿಗೆ ನೀರು ಬಿದ್ದರೂ ಅವನಿಗೆ ಲಾಭ, ಬೀಳದಿದ್ದರೆ ಇನ್ನೊಂದು ಬೋರು ಹೊಡೆಸುತ್ತಾರೆ, ಇನ್ನಷ್ಟು ಲಾಭ. ಊರಿಗೆಲ್ಲ ಬರ, ಅವನೊಬ್ಬನಿಗೆ ಬರಕತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವನು ಹಾಡಹಗಲೇ ತನ್ನ ಹಳೆಯ ಕಾರಿಗೇ ಹೊಳಪು ಕೊಟ್ಟು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ.

ನಿಲ್ಲಿಸಿದ್ದು ನನ್ನ ಕಾರಿನ ಪಕ್ಕದಲ್ಲೇ. ನನ್ನ ಕಾರು ಅವನದರಷ್ಟೇ ಹಳೆಯದು, ಬಣ್ಣವೂ ಅದೇ ಕೆಂಪು. ಆದರೆ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುವಾಗ ಕಾರು ತೊಳೆಯುವವರು ಯಾರು? ಧೂಳು ಕೂತು ಅದು ಯಾವ ಬಣ್ಣದ್ದೆಂದು ಓಣಿಯವರೇ ಮರೆತಿದ್ದರು. ಅವನದು ಥಳಥಳ ಹೊಳೆಯುತ್ತಿತ್ತು. ನನ್ನ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು.

"ಅಣ್ಣಾರ, ಇದಕ್ಕ ನೀರು ಎಲ್ಲಿಂದ ತಂದ್ರಿ?"

"ನೀರು ಎದಕ್ಕ ಬೇಕು ತಮ್ಮಾ? ಹಸಿ ಬಟ್ಟಿಲಿಂದ ಧೂಳ ಒರಸೂದು, ಮೇಣ ಹಚ್ಚೂದು, ಮಷಿನ್ ತಿರಗಸೂದು. ಮುಗೀತು."

"ಯಾವ ಮಷಿನ್ರಿ?"

"ಅದ ಒಂದು," ಎಂದು ಚಹಾ ಕುಡಿಯತೊಡಗಿದ. ಎಷ್ಟು ಅಡಿಗೆ ನೀರು ಬಿದ್ದೀತು ಎಂದು ರೈತರು ಕೇಳಿದರೂ ಅವನು ಹೀಗೇ ಹೇಳುತ್ತಾನೆ.

ಆಗಲೇ ಔರಾದದಿಂದ ಮಾವನವರ ಫೋನ್ ಬಂತು. ಕೊನೆಯ ಮಗಳ ಮದುವೆ ಗೊತ್ತಾಗಿತ್ತು. "ಮದುಮಗನ್ನ ಹನುಮಪ್ಪನ ಗುಡಿಯಿಂದ ಮಂಟಪಕ್ಕ ನಮ್ಮ ಕಾರಿನಾಗೇ ಕರಕೊಂಡು ಬರಬೇಕು. ಇಬ್ರೂ ಅಳಿಯಂದ್ರು ಕಾರು ತರ್ರಿ. ಯಾವ್ದು ಚಂದ ಕಾಣ್ತದೋ ಅದಕ್ಕ ಹೂವು ಕಟ್ಟಿಸ್ತೇನಿ" ಎಂದರು.

ಆ ಮನೆಯಲ್ಲಿ ಏನು ನಡೆದರೂ ಮುಂದೆ ನಿಲ್ಲುವವನು ಭಾಲ್ಕಿ ಅಳಿಯ, ಹಿಂದೆ ಕುರ್ಚಿ ಎತ್ತಿಡುವವನು ಬೀದರ ಅಳಿಯ. ಈ ಒಂದು ಸಲ, ಒಂದೇ ಒಂದು ಸಲ, ಮದುಮಗ ನನ್ನ ಕಾರಿನಲ್ಲಿ ಕೂಡಬೇಕು ಎಂದು ಅಲ್ಲೇ ಹಟ ಹಿಡಿದೆ. ಸಡ್ಡಕ ಕಿಟಕಿಯಿಂದ ನನ್ನ ಕಾರನ್ನು ಒಮ್ಮೆ ನೋಡಿದ. ಆಮೇಲೆ ಫೋನಿನ ಹತ್ತಿರ ಬಾಗಿ ಹೇಳಿದ: "ಮಾವಾರ, ನಮ್ಮ ಕಾರಿಗೆ ಎಷ್ಟು ಮಳ ಹೂವು ಹಿಡೀತದ, ಈಗೇ ಹೇಳಿಬಿಡ್ಲೇನ್ರಿ?"

ಒಂದು ದರ್ಜೆ ಮೇಲೆ, ಒಂದು ದರ್ಜೆ ಕೆಳಗೆ

ಮರುದಿನವೇ ಬಜಾರಿನ ಅಂಗಡಿಗೆ ಹೋದೆ. ಅಂಗಡಿಯವನು ಕಾರಿಗೆ ಪಾಲಿಶ್ ಮಾಡುವ ಮೂರು ಮಷಿನ್ ತಂದಿಟ್ಟ.

"ಇದು ನೋಡ್ರಿ, ಒಂದೇ ಕಡಿ ಗರಗರ ತಿರಗ್ತದ. ಭಾಳ ಜೋರದ. ಕೈ ಒಂದೇ ಜಾಗಕ್ಕ ನಿಂತ್ರ ಬಣ್ಣ ಸುಡ್ತದ, ರೂಢಿ ಇದ್ದವ್ರೇ ಹಿಡೀಬೇಕು. ಈ ಎರಡನೇದು ತಿರಗಕೋತ ಅಲಗಾಡ್ತದ, ಬಣ್ಣಕ್ಕ ಧಕ್ಕಿ ಇಲ್ಲ. ರೇಟು ಜರಾ ಜಾಸ್ತಿ. ಈ ಸಣ್ಣದು ಎರಡೂ ಕೈಲಿಂದ ಹಿಡಕೊಂಡು ಮೇಣ ಹಚ್ಚಲಾಕ. ಜೋರು ಕಮ್ಮಿ, ರೇಟೂ ಕಮ್ಮಿ. ಮನಿ ಕೆಲಸಕ್ಕ ಇದೇ ಸಾಕ್ರಿ."

ಬುದ್ಧಿ ಇದ್ದವನು ಸಣ್ಣದನ್ನು ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದ. ನಾನು ಕೇಳಿದೆ: "ಭಾಲ್ಕಿಯವ್ರು ಯಾವ್ದು ಒಯ್ದಾರ?"

"ಯಾವ ಭಾಲ್ಕಿಯವ್ರ್ರೀ?"

"ಬೋರ್‌ವೆಲ್‌ನವ್ರು. ಜರಾ ದಪ್ಪ ಅದಾರ. ಸೊಕ್ಕಿನ ಮಾರಿ."

ಅಂಗಡಿಯವನು ನನ್ನ ಮುಖವನ್ನು ಚೆನ್ನಾಗಿ ಓದಿದ. ಸಣ್ಣ ಮಷಿನ್ ಮೇಲಿದ್ದ ಅವನ ಕೈ ಮೆಲ್ಲಗೆ ಜರುಗಿ ಎಲ್ಲಕ್ಕಿಂತ ದುಬಾರಿಯಾದ ಎರಡನೆಯದರ ಮೇಲೆ ಕೂತಿತು. "ಹಾಂ ಹಾಂ, ಅವ್ರು! ಇದೇ ಒಯ್ದಾರ್ರಿ."

ಅದರ ರೇಟು ಕೇಳಿ ಜೇಬು ಮುಟ್ಟಿ ನೋಡಿಕೊಂಡೆ. ಹಾಗಂತ ಅವನು ತಗೊಂಡದ್ದಕ್ಕಿಂತ ಕಡಿಮೆಯದನ್ನು ಮನೆಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ. "ಹಂಗಾದ್ರ ಭಾಲ್ಕಿಯವ್ರದಕ್ಕಿಂತ ಒಂದು ದರ್ಜಿ ಮೇಲಿಂದು ಕೊಡ್ರಿ. ರೇಟು ಮಾತ್ರ ಒಂದು ದರ್ಜಿ ಕೆಳಗ ಇರ್ಬೇಕು" ಎಂದೆ.

ಅವನು ಮೂರನ್ನೂ ತಿರುಗಿ ಡಬ್ಬಿಗೆ ಹಾಕಿ ಒಂದು ಕಪ್ ಚಹಾ ತರಿಸಿ ನನ್ನ ಮುಂದಿಟ್ಟ. "ಕುಡೀರಿ ಸಾಹೇಬ್ರ. ನೀವು ಹೇಳಿದ ರೇಟಿಗೆ ನಮ್ಮಲ್ಲಿ ಇದೊಂದೇ ಅದ."

ಸಂಕಷ್ಟಿ ಚಂದ್ರ

ನಮ್ಮ ಓಣಿಯಲ್ಲಿ ನೆಲಕ್ಕೆ ಹಾಸುವ ಫರ್ಶಿಕಲ್ಲಿಗೆ ಪಾಲಿಶ್ ಮಾಡುವವನೊಬ್ಬ ಇದ್ದ. ನೀರಿಲ್ಲದೆ ಯಾರೂ ಮನೆ ಕಟ್ಟಿಸುತ್ತಿರಲಿಲ್ಲ, ಅವನಿಗೆ ಕೆಲಸವಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುಣೆಗೆ ಹೊರಟಿದ್ದ. ಗೋಡೆಯ ಮೂಲೆಗಳಿಗೆ ಹಿಡಿಯುವ ಕೈಮಷಿನ್ ಒಂದು ಅವನಲ್ಲಿತ್ತು.

"ಇದನ್ನ ಹೊತ್ಕೊಂಡು ಎಲ್ಲಿ ಹೋಗ್ಲಿ ಸಾಹೇಬ್ರ? ನೀವೇ ಇಟ್ಕೋರಿ, ತಿಳದಷ್ಟು ಕೊಡ್ರಿ."

"ಕಾರಿಗೆ ನಡೀತದೇನು?"

"ನಾ ಯಾವತ್ತೂ ಕಾರಿಗೆ ಹಿಡದಿಲ್ರಿ. ಕಲ್ಲಿಗಂತೂ ಭಾರಿ ಹೊಳಪು ಬರ್ತದ."

ನನಗೆ ಅಷ್ಟೇ ಸಾಕಾಯಿತು. ಸಡ್ಡಕನ ಮಷಿನ್ ಬರೀ ತಗಡಿಗೆ ಹೊಳಪು ತರುವಂಥದ್ದು, ನನ್ನದು ಕಲ್ಲಿಗೆ! ಇದಕ್ಕಿಂತ ಮೇಲಿನ ದರ್ಜೆ ಯಾವುದಿದೆ? ಅವತ್ತು ಸಂಜೆಯೇ ಬಾನೆಟ್ಟಿಗೆ ಮೇಣ ಮೆತ್ತಿ ಸ್ವಿಚ್ ಹಾಕಿದೆ. ನಾನು ಮಷಿನ್ ಹಿಡಿದಿದ್ದೇನೆಂದು ತಿಳಿದುಕೊಂಡಿದ್ದೆ. ಅದೇ ನನ್ನನ್ನು ಹಿಡಿದು ಎಳೆಯುತ್ತಿತ್ತು. ಕಿರ್ರೆಂದು ಚೀರುತ್ತ ಬಾನೆಟ್ಟಿನ ನಟ್ಟನಡುವೆ ಕೂತುಬಿಟ್ಟಿತು. ತಡಕಾಡಿ ಸ್ವಿಚ್ ಆರಿಸಿ ನೋಡಿದರೆ ಕೆಂಪು ಬಣ್ಣ ಹೋಗಿ, ಹಿಟ್ಟು ನಾದುವ ಪರಾತದಷ್ಟು ಅಗಲದ ಬೆಳ್ಳಗಿನ ದುಂಡು ಮಚ್ಚೆ.

ಹೆಂಡತಿಗೆ ಅವತ್ತು ಸಂಕಷ್ಟಿ ಉಪವಾಸ. ಸಪ್ಪಳ ಕೇಳಿ ಹೊರಗೆ ಬಂದಳು, ಬಾನೆಟ್ ನೋಡಿದಳು, ಹಾಗೇ ಒಳಗೆ ಹೋದಳು. ಬೈಗುಳದಿಂದ ತಪ್ಪಿಸಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಆರತಿ ತಟ್ಟೆ ಹಿಡಿದು ತಿರುಗಿ ಬಂದಳು.

"ಇವತ್ತ ಚಂದ್ರ ಲಗೂನ ಬಂದಾನ. ಸರೀರಿ, ಉಪಾಸ ಬಿಡ್ತೇನಿ."

ಸಂಡಾಸ ಆ ಕಡೆ

ಮಚ್ಚೆಯ ಮೇಲೆ ಗಣಪತಿಯ ದೊಡ್ಡ ಸ್ಟಿಕ್ಕರ್ ಅಂಟಿಸಿದೆ. ಗಣಪತಿಗೂ ಚಂದ್ರನಿಗೂ ಮೊದಲಿನಿಂದ ಆಗಿಬರುವುದಿಲ್ಲ, ಹಾಗಾಗಿ ಚಂದ್ರ ಮತ್ತೆ ತಲೆ ಎತ್ತಲಿಲ್ಲ. ಆದರೆ ಹೊಳಪಿನ ಸಮಸ್ಯೆ ಹಾಗೇ ಇತ್ತು. ಸಡ್ಡಕನ ಮಷಿನ್ ಕಣ್ಣಾರೆ ನೋಡದೆ ನನಗೆ ಅನ್ನ ಇಳಿಯುವುದಿಲ್ಲವೆಂದು ಖಾತ್ರಿಯಾಯಿತು. ಅಕ್ಕತಂಗಿಯರು ಮದುವೆಯ ಸೀರೆ ಆರಿಸಲಿ ಎಂಬ ನೆಪ ಮಾಡಿ ಹೆಂಡತಿಯನ್ನು ಭಾಲ್ಕಿಗೆ ಕರೆದುಕೊಂಡು ಹೋದೆ.

ಸಡ್ಡಕ ಗಾದಿಗೆ ಒರಗಿ ಯಾವ ಹೊಲದಲ್ಲಿ ಎಷ್ಟು ಆಳ ಕೊರೆಸಿದೆ ಎಂದು ಹೇಳುತ್ತಿದ್ದ. "ಅಣ್ಣಾರ, ಜರಾ ಸಂಡಾಸಕ್ಕ ಹೋಗಿ ಬರ್ತೇನಿ" ಎಂದು ಎದ್ದು, ನೆಟ್ಟಗೆ ಹಿತ್ತಲಿನ ತಗಡಿನ ಶೆಡ್ಡಿಗೆ ನುಗ್ಗಿದೆ.

ಬೋರಿನ ಪೈಪುಗಳ ಹಿಂದೆ, ಹಳೆಯ ಧೋತರದ ಕೆಳಗೆ ಅದು ಇತ್ತು. ಧೋತರ ಸರಿಸಿದೆ. ಸಣ್ಣ ಮಷಿನ್! ಅಂಗಡಿಯವನು 'ಮನಿ ಕೆಲಸಕ್ಕ ಇದೇ ಸಾಕು' ಎಂದಿದ್ದ, ಎಲ್ಲಕ್ಕಿಂತ ಅಗ್ಗದ, ನಾನು ಮುಟ್ಟಿಯೂ ನೋಡದ ಮಷಿನ್. ಇಷ್ಟು ದಿನ ದುಬಾರಿ ಮಷಿನ್ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ದಂಡವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಎತ್ತಿ ನೋಡಿದೆ, ಹಗುರಾಗಿತ್ತು. ಗುಂಡಿ ಒತ್ತಿದೆ. ಹಾಳಾದ್ದು, ಪ್ಲಗ್ಗಿನಲ್ಲೇ ಇತ್ತು. ಗುರ್ರೆಂದು ತಿರುಗಿ ಇಡೀ ಹಿತ್ತಲು ಕೇಳುವಂತೆ ಒದರಿತು.

ಹಿಂದೆ ಕೆಮ್ಮಿದ ಸಪ್ಪಳ. ಸಡ್ಡಕ ಕೈಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ.

"ತಮ್ಮಾ, ಸಂಡಾಸ ಆ ಕಡಿ ಅದ. ಅಲ್ಲಿ ಮಷಿನ್ ಬೇಕಾಗಂಗಿಲ್ಲ."

ಕಾರಿಗೆ ಸ್ನಾನ

ಮಾನ ಹೋದರೂ ಮಾಹಿತಿ ಸಿಕ್ಕಿತ್ತು. ಬೀದರಿಗೆ ಬಂದವನೇ ಅದೇ ಅಂಗಡಿಯಲ್ಲಿ ಅದೇ ಸಣ್ಣ ಮಷಿನ್ ತಗೊಂಡೆ. ಈ ಸಲ ಅವಸರ ಮಾಡಲಿಲ್ಲ. ಕಾರನ್ನು ನೆರಳಿಗೆ ನಿಲ್ಲಿಸಿ, ಧೂಳು ಒರೆಸಿ, ಮೇಣ ತೆಳ್ಳಗೆ ಸವರಿ, ಮಷಿನ್ನನ್ನು ಭಾರ ಹಾಕದೆ ಆಡಿಸಿ, ಕೊನೆಗೆ ಮೆತ್ತನೆ ಬಟ್ಟೆಯಿಂದ ಉಜ್ಜಿದೆ. ದಿನವಿಡೀ ಹಿಡಿಯಿತು, ತೋಳು ಸತ್ತುಹೋದವು. ಆದರೆ ಕಾರು! ಇದು ನನ್ನದೇನಾ ಎಂದು ನಂಬರ್ ಪ್ಲೇಟ್ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನನ್ನ ಕಾರನ್ನೇ ನೋಡುತ್ತಿದ್ದರು. ನಾನು ಬಾಗಿಲಲ್ಲಿ ಮೀಸೆ ತಿರುವುತ್ತ ನಿಂತೆ.

"ನಮಗ ಕುಡೀಲಾಕ ನೀರಿಲ್ಲ, ಇವ್ರು ಕಾರಿಗೆ ಸ್ನಾನ ಮಾಡಿಸ್ಲತ್ತಾರ!" ಎಂದಳು ಒಬ್ಬಳು.

"ನಿನ್ನೆ ಟ್ಯಾಂಕರ್ ನಮ್ಮ ಮನಿ ತನಕ ಬರೋದ್ರಾಗ ಖಾಲಿ ಆತು. ಯಾಕಂತ ಈಗ ತಿಳೀತು!" ಎಂದಳು ಇನ್ನೊಬ್ಬಳು. ಕೊಡಗಳೆಲ್ಲ ನನ್ನ ಕಡೆ ತಿರುಗಿದವು.

"ಅವ್ವಾರ, ದೇವರಾಣಿ, ಒಂದು ಚರಿಗಿ ನೀರೂ ಹಾಕಿಲ್ರಿ! ಅದು ಮೇಣ! ಕಾರು ಬಿಡ್ರಿ, ನಾನೇ ಸ್ನಾನ ಮಾಡಿ ಎಷ್ಟು ದಿನ ಆತೋ ನೆನಪಿಲ್ಲ!"

ಸಾಲಿನ ಮುಂದಿದ್ದ ಮುದುಕಿ ನನ್ನ ಹತ್ತಿರ ಬಂದಳು. ಒಂದು ಸಲ ಉಸಿರೆಳೆದುಕೊಂಡು ಸೆರಗಿನಿಂದ ಮೂಗು ಮುಚ್ಚಿ ಎಲ್ಲರಿಗೂ ತೀರ್ಪು ಕೊಟ್ಟಳು: "ಬಿಡ್ರೆವ್ವಾ. ಮನಶ್ಯಾ ಖರೇನೇ ಹೇಳ್ಲತ್ತಾನ."

ಹೊಳಪಿಗೆ ಸಾಕ್ಷಿ

ಮದುವೆಯ ದಿನ ಔರಾದದಲ್ಲಿ ಮಾವನವರ ಮನೆಯ ಮುಂದೆ ಎರಡೂ ಕಾರು ಪಕ್ಕಪಕ್ಕ ನಿಂತವು. ದಾರಿಯ ಧೂಳನ್ನು ನಾನು ಒರೆಸಿದೆ, ನನ್ನನ್ನು ನೋಡಿ ಸಡ್ಡಕ ಒರೆಸಿದ, ಅವನನ್ನು ನೋಡಿ ನಾನು ಇನ್ನೊಮ್ಮೆ ಒರೆಸಿದೆ. ಮಾವನವರು ಹೂವಿನವನನ್ನು ಕರೆದುಕೊಂಡು ಹೊರಗೆ ಬಂದರು. ಬೀಗರು, ಓಣಿಯ ಹಿರಿಯರು ಸುತ್ತ ನಿಂತರು.

ಮಾವನವರು ನನ್ನ ಕಾರಿನ ಬಾಗಿಲ ಮುಂದೆ ಬಾಗಿ, ಅದರಲ್ಲಿ ನೋಡಿಕೊಂಡು ರುಮಾಲು ಸರಿಮಾಡಿಕೊಂಡರು. "ಬೀದರ ಅಳಿಯಾರ, ಏನ್ ಹೊಳೀಲತ್ತದ್ರೀ ಇದು! ಮಾರಿ ಕಾಣ್ಲತ್ತದ!" ಎಂದರು. ಮದುವೆಯಾದ ಮೇಲೆ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಶಹಬ್ಬಾಸ್ ಅದು. ಸಡ್ಡಕನ ಮುಖ ಇಷ್ಟು ಸಣ್ಣದಾಯಿತು. ಆ ಮುಖ ನೋಡಿ ನನಗಾದ ಸಂತೋಷ ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಮಾವನವರು ಹೂವಿನವನ ಕಡೆ ತಿರುಗುವಷ್ಟರಲ್ಲಿ ಓಣಿಯಲ್ಲಿ ಕುರಿಗಳು ಬಂದವು. ಚಿಂತಾಕಿ ಕಡೆಯ ಮುದುಕನೊಬ್ಬ ಮೇವು ಹುಡುಕುತ್ತ ಹಿಂಡು ಹೊಡೆದುಕೊಂಡು ಹೊರಟಿದ್ದ. ಮುಂದೆ ದೊಡ್ಡ ಕೊಂಬಿನ ಟಗರೊಂದು. ಅದು ನನ್ನ ಕಾರಿನ ಹತ್ತಿರ ಬಂದು ಗಕ್ಕನೆ ನಿಂತಿತು. ಬಾಗಿಲೊಳಗೆ ಇನ್ನೊಂದು ಟಗರು! ಅವೇ ಕೊಂಬು, ಅದೇ ಸೊಕ್ಕು. ಇದು ಗುರಾಯಿಸಿತು, ಅದೂ ಗುರಾಯಿಸಿತು. ಇದು ಹಿಂದೆ ಸರಿಯಿತು, ಅದೂ ಹಿಂದೆ ಸರಿಯಿತು. ಟಗರು ಹಿಂದೆ ಸರಿದರೆ ಏನರ್ಥ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು "ಹೋ ಹೋ" ಎಂದು ಓಡುವುದರೊಳಗೆ, ಧಡ್!

ಬಾಗಿಲು ತಟ್ಟೆಯಂತೆ ಒಳಗೆ ಹೋಯಿತು. ಮಾವನವರು ತಗ್ಗಿನ ಮೇಲೆ ಕೈ ಆಡಿಸಿ, "ನಾವಂತೂ ಬಾಯಿಲಿಂದ ಅಂದೀವಿ ಅಳಿಯಾರ, ಟಗರು ಖರೇನೇ ನಂಬ್ತು" ಎಂದರು. ಆಮೇಲೆ ಹೂವಿನವನಿಗೆ ಹೇಳಿದರು: "ಭಾಲ್ಕಿ ಅಳಿಯಾರ ಕಾರಿಗೇ ಕಟ್ಟು."

ಸಡ್ಡಕ ಹಲ್ಲು ಕಿರಿದ. ನನಗೆ ಅಳು ಬಂತು. ಸೋತವನಿಗೆ ನಾಲಿಗೆಯೊಂದೇ ಉಳಿದಿರುತ್ತದೆ, ಅದನ್ನೇ ಬಿಟ್ಟೆ.

"ಅಣ್ಣಾರ, ಟಗರು ಮೊದಲ ನಿಮ್ಮ ಕಾರಿನ ಮುಂದಿಂದೇ ಬಂತು. ಹೊಳ್ಳಿ ಸೈತ ನೋಡ್ಲಿಲ್ಲ."

ಹಲ್ಲು ಮುಚ್ಚಿಕೊಂಡವು. "ಅದು ಆ ಕಡಿ ಮಾರಿ ಮಾಡಿತ್ತು."

"ಇಲ್ರಿ, ಈ ಕಡಿನೇ ಇತ್ತು. ನಾವೆಲ್ಲ ನೋಡೀವಿ," ಎಂದರು ಬೀಗರಲ್ಲೊಬ್ಬರು. ಯಾರೋ ಕಿಸಕ್ಕೆಂದರು.

ಹೂವಿನವನು ಕಟ್ಟುತ್ತಿದ್ದ ಹೂವನ್ನು ಸಡ್ಡಕ ಸರಿಸಿದ. "ಏ ಕಾಕಾ, ಆ ಟಗರು ಜರಾ ಇತ್ತ ತಾ."

"ಬ್ಯಾಡ್ರೀ ಸಾಹೇಬ್ರ, ಅದರ ಚಾಳಿ ಚೊಲೊ ಇಲ್ಲ," ಎಂದ ಕುರಿಗಾರ.

"ಏನ್ರೀ, ಹುಚ್ಚು ಹಿಡದದೇನು ನಿಮಗ?" ಎಂದು ಸಡ್ಡಕನ ಹೆಂಡತಿ ಒಳಗಿನಿಂದ ಕೂಗಿದಳು.

ಅವನು ಕೇಳಲಿಲ್ಲ. ತಾನೇ ಕೊಂಬು ಹಿಡಿದು ಟಗರನ್ನು ಎಳೆದು ತಂದು ತನ್ನ ಕಾರಿನ ಬಾಗಿಲ ಮುಂದೆ ನಿಲ್ಲಿಸಿದ. ಹೆಗಲ ಮೇಲಿನ ರೇಶ್ಮೆ ಶಲ್ಯದಿಂದ ಬಾಗಿಲನ್ನು ಇನ್ನೊಮ್ಮೆ ಒರೆಸಿದ. ಟಗರು ನೋಡಿತು. ಅದಕ್ಕೆ ಏನೂ ಕಾಣದಿರಲಪ್ಪಾ ಎಂದು ನಾನು ಕಂಡ ದೇವರಿಗೆಲ್ಲ ಕೈಮುಗಿದೆ. ಟಗರು ಹಿಂದೆ ಸರಿಯಿತು. ಇನ್ನಷ್ಟು ಸರಿಯಿತು. ಧಡ್!

ಸಡ್ಡಕ ಎರಡೂ ಕೈ ಅಗಲಿಸಿ ಎಲ್ಲರ ಕಡೆ ತಿರುಗಿದ. ಅಂಥ ಖುಷಿಯನ್ನು ನಾನು ಅವನ ಮುಖದಲ್ಲಿ ಎಂದೂ ಕಂಡಿರಲಿಲ್ಲ. "ನೋಡಿದ್ರಿಲ್ಲೋ ಮಾವಾರ? ನಮ್ದೂ ಹೊಳೀತದ!"

ಮದುಮಗ ಹನುಮಪ್ಪನ ಗುಡಿಯಿಂದ ಮಂಟಪಕ್ಕೆ ಅಡುಗೆಯವರ ಸಾಮಾನಿನ ಆಟೋದಲ್ಲಿ ಬಂದ, ಕಾರಿಗೆ ತಂದ ಹೂವನ್ನೆಲ್ಲ ಅದಕ್ಕೇ ಕಟ್ಟಿದ್ದರು. ಅಕ್ಷತೆ ಮುಗಿದದ್ದೇ ತಡ, ಬಂದವರೆಲ್ಲ ಊಟಕ್ಕೂ ಮೊದಲು ನಮ್ಮ ಕಾರುಗಳನ್ನು ನೋಡಲು ಹೋದರು. ನಾನೂ ಹೋದೆ. ಎರಡೂ ತಗ್ಗುಗಳ ಮೇಲೆ ಗೇಣು ಹಾಕಿ ಅಳೆದೆ.

ಅವನದು ನನ್ನದಕ್ಕಿಂತ ದೊಡ್ಡದಿತ್ತು. ಹೊಟ್ಟೆ ಉರಿದು ಹೋಯಿತು.